ಭೀತಿಯನ್ನು ಕಟ್ಟಿದ ಬಗೆ

ಪ್ರಜಾಪ್ರಭುತ್ವವೊಂದು ತನ್ನ ಪೌರರಲ್ಲಿಯೇ ಕೆಲವರನ್ನು ಶತ್ರುಗಳೆಂದು ಬಗೆಯುವುದಕ್ಕೆ ಯಾವ ಯಾವ ಮೆಟ್ಟಿಲುಗಳನ್ನು ಏರುತ್ತದೆಂಬುದನ್ನು, ಘಟನೆಯ ಕಾವು ಆರುವ ಮುನ್ನವೇ, ಕಾಗದಪತ್ರಗಳ ಆಧಾರದಿಂದ ನಿರೂಪಿಸಿದ ಗ್ರಂಥಗಳು ವಿರಳ. ಮಾರ್ಟನ್ ಗ್ರಾಡ್ಜಿನ್ಸರು ಬರ್ಕ್ಲಿಯಲ್ಲಿ ಡಾಕ್ಟರೇಟ್ ಪದವಿಗಾಗಿ ನಡೆಸಿದ ಸಂಶೋಧನೆಯಿಂದ ಮೈದಳೆದು, ಆ ವಿಶ್ವವಿದ್ಯಾನಿಲಯದ ಆಕ್ಷೇಪವನ್ನೂ ಮೀರಿ 1949ರಲ್ಲಿ ಷಿಕಾಗೊದಿಂದ ಪ್ರಕಟವಾದ ‘ಅಮೆರಿಕನ್ಸ್ ಬಿಟ್ರೇಡ್’ ಅಂಥದೊಂದು ಗ್ರಂಥ.

ಜಪಾನಿನೊಡನೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ 9066ನೆಯ ಆಜ್ಞೆಯ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಮಂದಿ ಜಪಾನೀ ಮೂಲದವರು ಮನೆಮಾರುಗಳನ್ನು ತೊರೆದು ಮುಳ್ಳುತಂತಿಯ ಶಿಬಿರಗಳನ್ನು ಸೇರಬೇಕಾಯಿತು. ಅವರಲ್ಲಿ ಮೂರನೆಯ ಎರಡು ಪಾಲು ಜನ ಹುಟ್ಟಿನಿಂದಲೇ ಅಮೆರಿಕದ ಪೌರರು. ಈ ಆಜ್ಞೆಯ ಹಿಂದಿದ್ದುದು ಸೈನಿಕ ವಿವೇಚನೆಯೊಂದೇ ಅಲ್ಲವೆಂದು ಸ್ಥಾಪಿಸುವುದಕ್ಕಾಗಿ ಗ್ರಾಡ್ಜಿನ್ಸರು ಪತ್ರಿಕೆಗಳ ಅಗ್ರಲೇಖನಗಳನ್ನೂ, ವರ್ತಕ ಸಂಘಗಳ ಮನವಿಗಳನ್ನೂ, ಕಾಂಗ್ರೆಸ್ ಸದಸ್ಯರ ನಡೆನುಡಿಗಳನ್ನೂ ತಾಳ್ಮೆಯಿಂದ ಜೋಡಿಸುತ್ತಾರೆ. ಜಪಾನೀ ರೈತರೊಡನೆ ಮಾರುಕಟ್ಟೆಯಲ್ಲಿ ಸೆಣಸುತ್ತಿದ್ದ ಸಲೀನಾಸ್ ಕಣಿವೆಯ ತರಕಾರಿ ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬನು, ತಾವು ಇವರನ್ನು ಹೊರಗಟ್ಟಬಯಸುವುದು ಸ್ವಾರ್ಥಕ್ಕಾಗಿಯೇ ಎಂದು ಆ ವರ್ಷವೇ ಪತ್ರಿಕೆಯೊಂದಕ್ಕೆ ಮುಚ್ಚುಮರೆಯಿಲ್ಲದೆ ನುಡಿದಿದ್ದನು. ಸಂತೆಯ ಪೈಪೋಟಿ ರಾಷ್ಟ್ರರಕ್ಷಣೆಯ ವೇಷವನ್ನು ತೊಟ್ಟು ವಾಷಿಂಗ್ಟನ್ನಿಗೆ ನಡೆದ ಪರಿಯನ್ನು ತೋರಿದುದು ಈ ಸಂಶೋಧನೆಯ ನಿಜವಾದ ಸಿದ್ಧಿ.

ಆದರೆ ಒತ್ತಡ ತಂದವರನ್ನು ಗುರುತಿಸಿದ ಮಾತ್ರಕ್ಕೆ ಒತ್ತಡಕ್ಕೆ ಮಣಿದವರ ಹೊಣೆ ಹಗುರವಾಗದು. 1954ರಲ್ಲಿ ಸಂಶೋಧಕ ಟೆನ್‌ಬ್ರೂಕ್ ಮತ್ತು ಅವರ ಸಂಗಡಿಗರು ಇದೇ ಆಕ್ಷೇಪವನ್ನೆತ್ತಿ, ದೋಷದ ಭಾರವನ್ನು ಜನತೆಯ ಮೇಲೂ ಅಧ್ಯಕ್ಷರ ಮೇಲೂ ಸರ್ವೋಚ್ಚ ನ್ಯಾಯಾಲಯದ ಮೇಲೂ ಹೊರಿಸಿದರು. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ಏಕೆಂದರೆ ಬೆಳೆಗಾರರ ಲೋಭಕ್ಕಿಂತ ಭಯಂಕರವಾದುದು ಪಶ್ಚಿಮ ಕರಾವಳಿಯ ಸೇನಾಧಿಪತಿ ಜನರಲ್ ಡೆವಿಟ್ಟರ ತರ್ಕ: ಈವರೆಗೆ ವಿಧ್ವಂಸಕ ಕೃತ್ಯವೊಂದೂ ನಡೆಯದಿರುವುದೇ ಮುಂದೆ ನಡೆಯಲಿದೆಯೆಂಬುದಕ್ಕೆ ಸೂಚನೆಯೆಂದು ಅವರು ಅಧಿಕೃತವಾಗಿ ಬರೆದರು. ಸಾಕ್ಷ್ಯದ ಅಭಾವವೇ ಸಾಕ್ಷ್ಯವಾದ ಮೇಲೆ ನಿರಪರಾಧಿಯು ತನ್ನ ನಿರಪರಾಧಿತ್ವವನ್ನು ಸಾಧಿಸುವ ಬಗೆಯಾದರೂ ಯಾವುದು? ಜಪಾನಿನ ಬಾಂಬುಗಳು ಬಿದ್ದುದು ಹವಾಯಿಯಲ್ಲಿ; ಅಲ್ಲಿಯ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿ ಜಪಾನೀ ಮೂಲದವರೇ; ಅವರ ದುಡಿಮೆಯಿಲ್ಲದೆ ದ್ವೀಪಗಳ ಬಾಳು ಸಾಗದಾದುದರಿಂದ ಅಲ್ಲಿ ಸಾಮೂಹಿಕ ಬಂಧನವೇ ನಡೆಯಲಿಲ್ಲ! ಅಪಾಯಕ್ಕೆ ಹತ್ತಿರವಿದ್ದವರು ಮನೆಯಲ್ಲಿ, ದೂರವಿದ್ದವರು ಸೆರೆಯಲ್ಲಿ. ಇಷ್ಟಾದರೂ, ಕರಾವಳಿಯನ್ನು ತೊರೆಯಲೊಪ್ಪದ ಕೊರೆಮಾತ್ಸು ಎಂಬ ಪೌರನ 1944ರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆರು ಮಂದಿ ನ್ಯಾಯಮೂರ್ತಿಗಳು ಸರಕಾರದ ಮಾತನ್ನೇ ಎತ್ತಿಹಿಡಿದರು, ಮೂವರು ಭಿನ್ನಮತವಿತ್ತರು. ಸರಕಾರದ ಬೇಹುಗಾರಿಕೆಯ ವರದಿಗಳೇ ಆ ಭೀತಿಯನ್ನು ಅಲ್ಲಗಳೆದಿದ್ದವೆಂಬ ಸತ್ಯವು ನ್ಯಾಯಾಲಯಕ್ಕೆ ಮುಚ್ಚಿಡಲ್ಪಟ್ಟಿತ್ತು. ದಾಖಲೆಗಳು ಬೆಳಕಿಗೆ ಬಂದ ಬಳಿಕ, 1983ರಲ್ಲಿ, ಕೊರೆಮಾತ್ಸುವಿನ ಮೇಲಿನ ಅಪರಾಧನಿರ್ಣಯ ರದ್ದಾಯಿತು. ಗ್ರಾಡ್ಜಿನ್ಸರಿಗೆ ಆ ಕಡತಗಳು ದೊರೆತಿರಲಿಲ್ಲ. ಆದುದರಿಂದ ಈ ಕೊರತೆಗೆ ಅವರನ್ನು ದೂಷಿಸುವುದು ನ್ಯಾಯವಲ್ಲ.

1962ರ ಚೀನಾ ಯುದ್ಧದ ತರುವಾಯ ಅಸ್ಸಾಮಿನಿಂದ ರಾಜಸ್ಥಾನದ ದೇವಳಿ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಲ್ಪಟ್ಟ ಚೀನೀ ಮೂಲದ ಕುಟುಂಬಗಳ ವೃತ್ತಾಂತವನ್ನು ಪತ್ರಿಕೆ, ಮನವಿ, ಕಡತಗಳ ಮೂಲಕ ಶೋಧಿಸಬಯಸುವ ನಮ್ಮ ವಿದ್ಯಾರ್ಥಿಗೆ, ಟೆನ್‌ಬ್ರೂಕರ ಆಕ್ಷೇಪವನ್ನೂ ಜೊತೆಗಿರಿಸಿ, ಈ ಗ್ರಂಥಕ್ಕಿಂತ ಉತ್ತಮವಾದ ಮಾದರಿಯನ್ನು ನಾನು ಸೂಚಿಸಲಾರೆನು.