ಸೀಮೆಗೊಂದು ರುಚಿಯ ಮೆಕ್ಸಿಕೋ

ಮೆಕ್ಸಿಕೋದ ಊಟವೆಂದರೆ ಬರೀ ಟ್ಯಾಕೋ, ನಾಚೋಸ್ ಎಂದುಕೊಂಡವರು ಆ ದೇಶದ ಸೀಮೆಸೀಮೆಯ ಅಡುಗೆಮನೆಗಳನ್ನು ನೋಡಬೇಕು. ಉತ್ತರದ ಸೊನೋರಾದಲ್ಲಿ ಗೋಧಿಯೂ ದನಗಳೂ ಹೆಚ್ಚು. ಅಲ್ಲಿ ಗೋಧಿಹಿಟ್ಟಿನ ಟೋರ್ಟಿಯಾವನ್ನು ಕೈಯಲ್ಲೇ ಎಳೆದೆಳೆದು, ಬೆಳಕು ಹಾಯುವಷ್ಟು ತೆಳ್ಳಗೆ ಹರಡುತ್ತಾರೆ. ಯುಕತಾನ್‌ನಲ್ಲಿ ಹಂದಿಮಾಂಸಕ್ಕೆ ಅಚಿಯೋತೆ ಬೀಜದ ಕೆಂಪು ಮಸಾಲೆ, ಹುಳಿಕಿತ್ತಳೆ ರಸ ಸವರಿ, ಬಾಳೆಲೆಯಲ್ಲಿ ಸುತ್ತಿ, ನೆಲದೊಳಗಿನ ಗುಂಡಿಯಲ್ಲಿ ಬೇಯಿಸುತ್ತಾರೆ. ಅದೇ ಕೊಚಿನಿತಾ ಪಿಬಿಲ್.

ನನಗೆ ಎಲ್ಲಕ್ಕಿಂತ ಸೋಜಿಗ ವಹಾಕಾ ಸೀಮೆಯ ಕಪ್ಪು ಮೋಲೆ ಎಂಬ ಗೊಜ್ಜು. ಚಿಲ್ವಾಕ್ಲೆ ಎಂಬ ಒಣಮೆಣಸಿನಕಾಯಿಯನ್ನು ಕಪ್ಪೇರುವವರೆಗೆ ಹುರಿಯಬೇಕು. ಬೀಜಗಳನ್ನಂತೂ ಬೇಕೆಂದೇ ಕರಕಲಾಗಿಸುತ್ತಾರೆ. ಹದ ಮೀರಿದರೆ ಕಹಿ, ಸಾಲದಿದ್ದರೆ ಬಣ್ಣವಿಲ್ಲ. ಎಳ್ಳು, ಬಾದಾಮಿ, ಒಣದ್ರಾಕ್ಷಿ, ಲವಂಗ, ಚಕ್ಕೆ ಸೇರಿಸಿ ನುಣ್ಣಗೆ ಅರೆದು, ಕೊಬ್ಬಿನಲ್ಲಿ ಬಾಡಿಸಿ, ಕೊನೆಗೆ ಚಾಕೊಲೇಟ್ ಕರಗಿಸುತ್ತಾರೆ. ಗಂಟೆಗಟ್ಟಲೆ ಕೈಯಾಡಿಸಿದ ಮೇಲೆ ಗೊಜ್ಜು ಮಿರಮಿರ ಮಿಂಚುತ್ತದೆ. ಇಷ್ಟೊಂದು ಸಾಮಾನು ಬಿದ್ದರೂ ಯಾವುದೊಂದೂ ಮುಂದೆ ಬಂದು ಮೆರೆಯುವುದಿಲ್ಲ.

ಈ ಅಡುಗೆಗಳಿಗೆಲ್ಲ ಹಳೆಯ ಬುನಾದಿ ಮೆಕ್ಕೆಜೋಳ. ಅದನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಹಾಕಿದರೆ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ. ಕಾವಲಿಯ ಮೇಲೆ ಉಬ್ಬಿದ ಟೋರ್ಟಿಯಾದ ಪರಿಮಳ ಹುಟ್ಟುವುದೇ ಆ ಸುಣ್ಣದಿಂದ. ಪ್ರಯೋಗಾಲಯಗಳಿಲ್ಲದ ಕಾಲದಲ್ಲೇ ಇದನ್ನು ಕಂಡುಕೊಂಡ ಕೈಗಳಿಗೆ ನಮಸ್ಕಾರ.

2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲ ತವರೂ ಅದೇ ನೆಲ. ಆ ಋಣಕ್ಕಾದರೂ ಒಮ್ಮೆ ನಾಚೋಸ್ ಬದಿಗಿಟ್ಟು ಮೋಲೆಯ ರುಚಿ ನೋಡಿ.