ಕಲ್ಲಿಗೆ ಕಾವಲು, ಮನುಷ್ಯನಿಗೆ ಜೆಸಿಬಿ

ಹಾಳು ಹಂಪೆಗಾಗಿ ನಮ್ಮ ಕವಿಗಳು ಸುರಿಸಿದಷ್ಟು ಕಣ್ಣೀರನ್ನು ತುಂಗಭದ್ರೆಯೂ ಹರಿಸಿರಲಾರಳು. ಕಲ್ಲಿನ ತೇರು, ಕೈ ಮುರಿದ ನರಸಿಂಹ, ಬಳ್ಳದಲ್ಲಿ ಅಳೆದ ಮುತ್ತುರತ್ನ, ಇವುಗಳ ಮೇಲೆ ಪದ್ಯ ಕಟ್ಟದವರು ಕಡಿಮೆ. ಉತ್ಸವದ ಕವಿಗೋಷ್ಠಿಯಲ್ಲೂ ಅದೇ ಗೋಳು. ಆದರೆ 2011ರ ಜುಲೈ 29ರಂದು ಅದೇ ಹಂಪೆಯ ವಿರೂಪಾಕ್ಷ ಬಜಾರಕ್ಕೆ ಜೆಸಿಬಿ ನುಗ್ಗಿ, ಮುನ್ನೂರರಷ್ಟು ಸಂಸಾರಗಳನ್ನು ಬೀದಿಗೆ ಹಾಕಿದಾಗ ಈ ಕಾವ್ಯ ಎಲ್ಲಿ ಮಲಗಿತ್ತು?

ಅವರಿಗೆ ಒತ್ತುವರಿದಾರರು ಅಂತ ಹೆಸರಿಟ್ಟರು. ಸಾಲುಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿ ಹೋಟ್ಲು, ಅಂಗಡಿ, ಮನೆ ಮಾಡಿಕೊಂಡಿದ್ದರು, ನಿಜ. ಅಲ್ಲಿದ್ದವರೆಲ್ಲ ನಮ್ಮ ಕೇರಿಯವರೇನಲ್ಲ. ಹಲವು ಜಾತಿಯ ಬಡವರಿದ್ದರು, ಒಂದಷ್ಟು ಉಳ್ಳವರೂ ಇದ್ದರು. ಕಲ್ಲು ಉಳಿಯಬಾರದು ಅಂತಲೂ ನಾವು ಹೇಳುತ್ತಿಲ್ಲ. ಆ ಕಲ್ಲನ್ನು ಕಡಿದು, ಎಳೆದು, ಎತ್ತಿ ನಿಲ್ಲಿಸಿದ ಬೆವರು ಯಾರದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅದು ಬಜಾರ ಕಣ್ರಿ! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಪೇಯಸ್ ಬರೆದದ್ದು ಖಾಲಿ ಕಂಬಗಳ ವರ್ಣನೆಯಲ್ಲ, ಮಾರುವವರು ಕೊಳ್ಳುವವರು ಕಿಕ್ಕಿರಿದ ಬೀದಿಗಳನ್ನು. ಮಾರುವವರನ್ನು ಓಡಿಸಿ ಬಜಾರವನ್ನು ಕಾಪಾಡುವುದು ಯಾವ ಸೀಮೆ ಸಂರಕ್ಷಣೆ? ಎದ್ದುಹೋದವರಿಗೆ ತೋರಿಸಿದ್ದು ದೂರದ ಕಡ್ಡಿರಾಂಪುರದ ನಿವೇಶನ.

ಇದನ್ನೆಲ್ಲ ತೀರ್ಮಾನಿಸುವವರು ಯಾರು? 1986ರಲ್ಲಿ ಹಂಪೆ ಯುನೆಸ್ಕೋ ಪಟ್ಟಿ ಸೇರಿತು. 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು. ಮಾನ ಉಳಿಸಿಕೊಳ್ಳಲು ಸರ್ಕಾರ 2002ರ ಕಾಯ್ದೆ ತಂದು ನಿರ್ವಹಣಾ ಪ್ರಾಧಿಕಾರ ಮಾಡಿತು. ಅದರ ಎಲ್ಲೆಯೊಳಗೆ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿ. ಮೀಸಲು ಕ್ಷೇತ್ರದಲ್ಲಿ ಗೆದ್ದ ನಮ್ಮ ಅಕ್ಕತಂಗಿಯರು ಪಂಚಾಯ್ತಿ ಕುರ್ಚಿಯಲ್ಲಿ ಕೂತರು, ಸಂತೋಷ. ಆದರೆ ಅವರ ಹಳ್ಳಿಯಲ್ಲಿ ಮನೆ ಕಟ್ಟೋಕೆ ಪ್ರಾಧಿಕಾರದ ಅಪ್ಪಣೆ ಬೇಕು, ಅದರ ಅಧ್ಯಕ್ಷಗಾದಿಯೋ ಜಿಲ್ಲಾಧಿಕಾರಿಯದು. ವೋಟಿನಿಂದ ಬಂದ ಅಧಿಕಾರ ಕಲ್ಲುಕಂಬದ ಮುಂದೆ ಕೈಕಟ್ಟಿ ನಿಲ್ಲುತ್ತದೆ.

ಇಂಥ ಪಾರಂಪರಿಕ ಸಮಿತಿಗಳಲ್ಲಿ ಎಲ್ಲೆಲ್ಲೂ ಒಂದು ಮಾತು ಓಡಾಡುತ್ತದೆ: ಗೌರವ ಸದಸ್ಯರು. ಸಂಬಳವಿಲ್ಲದ ಸೇವೆಯಂತೆ, ತ್ಯಾಗವಂತೆ. ಗೆಳೆಯರೇ, ಈ ತ್ಯಾಗವನ್ನು ಸ್ವಲ್ಪ ಬಿಡಿಸಿ ನೋಡೋಣ. ಮಂಗಳವಾರ ಹನ್ನೊಂದು ಗಂಟೆಗೆ ಜಿಲ್ಲಾ ಕಚೇರಿಯಲ್ಲಿ ಸಭೆ ಅಂದರೆ ಹೋಗೋಕೆ ಯಾರಿಗಾಗುತ್ತೆ? ಪೆನ್ಷನ್ ಬರುವವರಿಗೆ, ಜಮೀನು ಕೋರಿಗೆ ಕೊಟ್ಟವರಿಗೆ, ರಜೆ ಹಾಕಿದರೂ ಸಂಬಳ ಕಡಿಯದವರಿಗೆ. ಕೂಲಿಯವಳಿಗೆ ಒಂದು ಸಭೆ ಅಂದರೆ ಒಂದು ದಿನದ ಗಂಜಿ ಹೋದಂತೆ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ ಇದ್ದವನಿಗೆ ಮಾತ್ರ ಪುರಸಭೆಯ ವೋಟು. ಆ ಕಾನೂನು ಸತ್ತಿತು, ಅದರ ದೆವ್ವ ಈ 'ಗೌರವ'ದೊಳಗೆ ಬಂದು ಕೂತಿದೆ. ಇನ್ನೊಂದು ಮಾತು 'ತಜ್ಞ'. ಶಾಸನ ಓದಬಲ್ಲವನು ತಜ್ಞ, ಒಪ್ಪಿದೆವು. ಮಂಟಪದ ಮಾಡು ಮಳೆಗಾಲದಲ್ಲಿ ಎಲ್ಲಿ ಸೋರುತ್ತೆ, ಯಾವ ಕಂಬ ವಾಲಿದೆ ಅಂತ ಬಲ್ಲ ಹೋಟ್ಲಿನ ಹೆಂಗಸು ಯಾಕೆ ತಜ್ಞೆಯಲ್ಲ?

ಹಳೆಯದನ್ನು ಕಾಪಾಡ್ತೀವಿ ಅನ್ನುವ ಮಾತಿನ ರುಚಿ ನಮಗೆ ಮೊದಲೇ ಗೊತ್ತು. ಮಹಾಡದ ಪುರಸಭೆ 1924ರಲ್ಲಿ ಚವದಾರ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಜನರೊಂದಿಗೆ ಹೋಗಿ ನೀರು ಕುಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ಆ ಠರಾವನ್ನೇ ನುಂಗಿಕೊಂಡಿತು. ಸವರ್ಣೀಯರು ಕೋರ್ಟಿನಲ್ಲಿ ಹೂಡಿದ ವಾದದಲ್ಲಿ ಇದೂ ಇತ್ತು: ಇದು ಅನಾದಿ ಕಾಲದ ಪದ್ಧತಿ. ಆ 'ಅನಾದಿ' ಸಾಬೀತಾಗಿಲ್ಲ ಅಂತ ಬೊಂಬಾಯಿ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಯಾವುದು ಪುರಾತನ, ಯಾವುದು ಒತ್ತುವರಿ ಎಂಬುದನ್ನು ಮಹಾಡದಲ್ಲೂ ಮೊದಲು ನಿರ್ಧರಿಸಿದ್ದು ಕುರ್ಚಿ ಮೇಲಿದ್ದವರೇ.

ನಾವು ಕೇಳುವುದು ದೊಡ್ಡದೇನಲ್ಲ. ಸಭೆಗೆ ಬಂದ ದಿನದ ಕೂಲಿ ಕೊಡಿ, ಬಸ್ ಚಾರ್ಜು ಕೊಡಿ. ಯಾವ ಬೀದಿಯನ್ನು ಎಬ್ಬಿಸಬೇಕೆಂದಿದ್ದೀರೋ ಆ ಬೀದಿಯವರನ್ನು ಸಮಿತಿಯಲ್ಲಿ ಕೂರಿಸಿ, ಆಮೇಲೆ ಮಾತಾಡಿ. ನಡಾವಳಿಯನ್ನು ಓದಿದರೆ ಅರ್ಥವಾಗುವ ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ಹಳ್ಳಿ ಮೇಷ್ಟರುಗಳೇ, ನಿಮ್ಮೂರಿನಲ್ಲೂ ಒಂದು ಹಳೇ ಕೋಟೆಯೋ ಗುಡಿಯೋ ಕಲ್ಯಾಣಿಯೋ ಇದ್ದೀತು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅದರ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ. ಉತ್ತರ ಏನು ಬಂತು ಅಂತ ನಮಗೊಂದು ಕಾರ್ಡು ಬರೆಯಿರಿ.