ರಿಚ್ಪಳಿಂದ ಓದಲು ಶುರುಮಾಡಿ

ಸತ್ಯವೇದವನ್ನು ಮೊದಲ ಸಲ ಕೈಗೆತ್ತಿಕೊಂಡವರು ಆದಿಕಾಂಡದಿಂದ ಹುರುಪಿನಲ್ಲಿ ಹೊರಟು, ಯಾಜಕಕಾಂಡದ ಬಲಿವಿಧಿಗಳ ನಡುವೆ ನಿಂತುಬಿಡುವುದೇ ಹೆಚ್ಚು. ಅಂಥವರಿಗೆ ನಾನು ಸಮುವೇಲನ ಎರಡನೆಯ ಗ್ರಂಥದ 21ನೆಯ ಅಧ್ಯಾಯ ತೆರೆಯಲು ಹೇಳುತ್ತೇನೆ. ಅಲ್ಲಿ ರಿಚ್ಪ ಇದ್ದಾಳೆ.

ನಾಡಿಗೆ ಮೂರು ವರ್ಷ ಬರ. ಹಿಂದಿನ ರಾಜ ಸೌಲ ಗಿಬ್ಯೋನ್ ಊರಿನವರನ್ನು ಕೊಂದದ್ದೇ ಕಾರಣವೆಂದು ತಿಳಿದ ರಾಜ ದಾವೀದ, ಆ ಊರಿನವರು ಕೇಳಿದಂತೆ ಸೌಲನ ವಂಶದ ಏಳು ಗಂಡಸರನ್ನು ಕೊಲ್ಲಲು ಒಪ್ಪಿಸಿಬಿಡುತ್ತಾನೆ. ಅವರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು. ಜವೆಗೋಧಿಯ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಳು. ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಹೆಣಗಳ ಹತ್ತಿರ ಬರಗೊಡದೆ, ಮಳೆ ಬೀಳುವವರೆಗೂ ಕಾದಳು.

ಇಲ್ಲಿ ನಿಧಾನಿಸಿ. ಅವಳ ಬಾಯಲ್ಲಿ ಒಂದೇ ಒಂದು ಮಾತಿಲ್ಲ. ಅದೇ ಗ್ರಂಥದ 3ನೆಯ ಅಧ್ಯಾಯದಲ್ಲಿ ಗಂಡಸರು ಅವಳ ವಿಷಯಕ್ಕೇ ಜಗಳವಾಡುವಾಗಲೂ ಇರಲಿಲ್ಲ. ಇನ್ನು ಘಟನೆಗಳ ಸರದಿ ನೋಡಿ. ಏಳು ಜನ ಸತ್ತ ಕೂಡಲೇ ದೇವರು ಒಲಿದನೆಂದು ಬರೆದಿಲ್ಲ. ರಿಚ್ಪಳ ಸುದ್ದಿ ದಾವೀದನ ಕಿವಿಗೆ ಬಿದ್ದು, ಅವನು ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತಂದು ಸೌಲನ ತಂದೆ ಕೀಷನ ಸಮಾಧಿಯಲ್ಲಿ ಹೂಳಿಸಿದ ಮೇಲೆಯೇ ನಾಡಿನ ಮೊರೆ ದೇವರಿಗೆ ಮುಟ್ಟಿತು ಎಂದಿದೆ. ಈ ಸರದಿಯಲ್ಲೇ ರಾಜನ ಮೇಲೊಂದು ತೀರ್ಪಿದೆ ಎಂದು ನಾನು ನಂಬುತ್ತೇನೆ.

ಹೀಗೆ ಓದುವುದು ರೂಢಿಯಾದರೆ ಸಣ್ಣಪುಟ್ಟ ವಸ್ತುಗಳೂ ಕಣ್ಣಿಗೆ ಬೀಳುತ್ತವೆ. ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯದಲ್ಲಿ ಪ್ರವಾದಿ ಕೆಸರಿನ ಬಾವಿಯಲ್ಲಿ ಹೂತುಹೋಗಿದ್ದಾನೆ. ಕೂಷ್ ದೇಶದವನಾದ ಎಬೆದ್ಮೆಲೆಕ ಎಂಬ ಅರಮನೆಯ ಊಳಿಗದವನು ಹಗ್ಗದ ಜೊತೆಗೆ ಹಳೆಯ ಹರಕು ಬಟ್ಟೆಗಳನ್ನೂ ಇಳಿಬಿಟ್ಟು, ಕಂಕುಳಿಗೆ ಇಟ್ಟುಕೊಳ್ಳಲು ಹೇಳುತ್ತಾನೆ. ಆ ಚಿಂದಿ ಇಲ್ಲದೆಯೂ ಕಥೆ ಸಾಗುತ್ತಿತ್ತು. ಬರೆದವರು ಬಿಡಲಿಲ್ಲ, ನೀವೂ ಬಿಡಬೇಡಿ.

ಮುಂದೆ ಚಿಕ್ಕದೊಂದನ್ನು ಓದೋಣವೆಂದು ಓಬದ್ಯನ ಗ್ರಂಥಕ್ಕೆ ಆಸೆಪಡಬೇಡಿ. ಇಸ್ರಾಯೇಲರಿಗೂ ನೆರೆಯ ಎದೋಮಿಗೂ ಇದ್ದ ಹಳೆಯ ವೈರ ಗೊತ್ತಿಲ್ಲದಿದ್ದರೆ ಅದು ಬರೀ ಸಿಟ್ಟಾಗಿ ಕೇಳುತ್ತದೆ. ಅದಕ್ಕಿಂತ ಫಿಲೆಮೋನನಿಗೆ ಬರೆದ 25 ವಚನಗಳ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಸೆರೆಯಲ್ಲಿದ್ದ ಪೌಲ, ಒನೇಸಿಮನೆಂಬ ದಾಸನನ್ನು ಒಡೆಯ ಫಿಲೆಮೋನನ ಬಳಿಗೆ ವಾಪಸು ಕಳಿಸುತ್ತಿದ್ದಾನೆ. ಅಪ್ಪಣೆ ಮಾಡಬಲ್ಲೆನೆಂದು ಸೂಚಿಸಿಯೂ ಬೇಡಿಕೊಳ್ಳುತ್ತಾನೆ. ಏನಾದರೂ ಬಾಕಿಯಿದ್ದರೆ ತಾನೇ ತೀರಿಸುವುದಾಗಿ ಸ್ವಹಸ್ತದಲ್ಲಿ ಬರೆದುಕೊಡುತ್ತಾನೆ. ಬಿಡುಗಡೆ ಮಾಡು ಎಂದು ಮಾತ್ರ ನೇರವಾಗಿ ಹೇಳುವುದಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಫಿಲೆಮೋನನ ಉತ್ತರ ಉಳಿದುಬಂದಿಲ್ಲ. ಆದರೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ತೆರೆದರೆ ಒನೇಸಿಮ ಎಂಬ ಹೆಸರು ಮತ್ತೆ ಸಿಗುತ್ತದೆ. ಅಲ್ಲಿ ಅವನನ್ನು ಕರೆದಿರುವುದು ಸಹೋದರನೆಂದು.